ಮುಚ್ಚಿಟ್ಟ ಸಕ್ಕರೆ ಕಾಯಿಲೆ ಮತ್ತು ಲಾರಿ ಚಾಲಕನ ಲೈಸೆನ್ಸ್

ಶಹಾಪುರದಿಂದ ಸುರಪುರದ ಕಡೆಗೆ ಹೋಗುವ ಹೆದ್ದಾರಿಯ ಬದಿಯಲ್ಲಿ ಲಾರಿಗಳು ಸಾಲಾಗಿ ನಿಲ್ಲುವ ಜಾಗವೊಂದಿದೆ. ಕೆಲವು ತಿಂಗಳ ಹಿಂದೆ ಫಜ್ರ್ ನಮಾಝಿನ ಬಳಿಕ ಅಲ್ಲಿನ ಚಹಾದಂಗಡಿಯಲ್ಲಿ ನಮಗೆ ಪರಿಚಯದ ಚಾಲಕರೊಬ್ಬರು ಸಿಕ್ಕಿದರು. ವಯಸ್ಸು ನಲವತ್ತೈದರ ಆಸುಪಾಸು. ಇಪ್ಪತ್ತು ವರ್ಷಗಳಿಂದ ಭತ್ತ, ಹತ್ತಿ, ತೊಗರಿ ಹೇರಿದ ಲಾರಿಗಳನ್ನು ರಾಯಚೂರು, ಸಿಂಧನೂರು, ಹೈದರಾಬಾದುಗಳಿಗೆ ಮುಟ್ಟಿಸಿ ಬಂದವರು. ತಮ್ಮ ಚಹಾಕ್ಕೆ ಸಕ್ಕರೆ ಬೇಡವೆಂದು ಹೇಳಿದಾಗ ನಾವು ಕಾರಣ ಕೇಳಿದೆವು. ಅವರು ಒಮ್ಮೆ ಸುತ್ತಲೂ ನೋಡಿ ತಗ್ಗಿದ ದನಿಯಲ್ಲಿ, "ಶುಗರ್ ಅದ ಸಾಹೇಬ್ರ. ಮೂರ್ ವರ್ಷ ಆತು. ಮಾಲಕ್ರಿಗಿ ಗೊತ್ತಿಲ್ಲ, ನೀವೂ ಎಲ್ಲೂ ಹೇಳಬ್ಯಾಡ್ರಿ" ಎಂದರು.

ಲೈಸೆನ್ಸ್ ನವೀಕರಿಸುವಾಗ ವೈದ್ಯರಿಗೆ ತಿಳಿಸಲಿಲ್ಲವೇ ಎಂದು ಕೇಳಿದೆವು. ಅವರು ನಕ್ಕರು. ವೈದ್ಯರು ಹೆಸರು, ವಯಸ್ಸು ಕೇಳಿ, ಮುಖವನ್ನೂ ಸರಿಯಾಗಿ ನೋಡದೆ ಕಾಗದಕ್ಕೆ ಸಹಿ ಹಾಕಿ ಕೊಟ್ಟಿದ್ದರಂತೆ. "ನಾ ಹೇಳಿದ್ರ ಲೈಸನ್ಸ್ ಹೋಗ್ತದ. ಗಾಡಿ ಇಳದ್ರ ಮನಿ ಹ್ಯಾಂಗ ನಡೀಬೇಕ್ರಿ?" ಎಂಬುದು ಅವರ ಪ್ರಶ್ನೆ. ಆಮೇಲೆ ಅವರೇ ಇನ್ನೊಂದು ಸಂಗತಿಯನ್ನು ಹೇಳಿದರು. ಒಂದು ರಾತ್ರಿ ಲಿಂಗಸುಗೂರಿನ ಆಚೆ ಅವರ ಮೈ ಬೆವರಿ, ಕೈ ನಡುಗಿ, ತಾನು ಯಾವ ರಸ್ತೆಯಲ್ಲಿದ್ದೇನೆಂಬುದೇ ಮರೆತುಹೋಗಿತ್ತು. ಸಂಜೆಯ ಮಾತ್ರೆ ನುಂಗಿದ್ದರು, ಆದರೆ ಗೋದಾಮಿನ ಮುಂದೆ ಲೋಡು ಇಳಿಸುವ ಸರದಿಗಾಗಿ ಕಾದು ಕಾದು ಊಟ ಮಾಡಿರಲಿಲ್ಲ. ಪಕ್ಕದಲ್ಲಿದ್ದ ಕ್ಲೀನರ್ ಹುಡುಗ ಗಾಡಿ ಎಡಕ್ಕೆ ಬಲಕ್ಕೆ ವಾಲುವುದನ್ನು ಕಂಡು ಕೂಗಿ ನಿಲ್ಲಿಸಿ, ಬೆಲ್ಲದ ತುಂಡೊಂದನ್ನು ಬಾಯಿಗೆ ಹಾಕಿದ. ಹತ್ತು ಹದಿನೈದು ನಿಮಿಷಗಳ ನಂತರ ಅವರಿಗೆ ಪ್ರಜ್ಞೆ ಸ್ಪಷ್ಟವಾಯಿತು. ಆ ಹುಡುಗ ಅಂದು ನಿದ್ರಿಸುತ್ತಿದ್ದರೆ ಏನಾಗುತ್ತಿತ್ತು? ಲಾರಿಯ ಎದುರಿನಿಂದ ಬರುತ್ತಿದ್ದ ಬಸ್ಸಿನಲ್ಲಿ ಯಾರ ಮಕ್ಕಳಿದ್ದರು? ಈ ಪ್ರಶ್ನೆಗಳು ಅಂದಿನಿಂದ ನಮ್ಮನ್ನು ಬಿಟ್ಟಿಲ್ಲ.

ಇದು ಒಬ್ಬ ವ್ಯಕ್ತಿಯ ಕಥೆಯಲ್ಲ. ಯಾದಗಿರಿ, ಶಹಾಪುರ, ಸುರಪುರಗಳ ಮುಸ್ಲಿಮ್ ಮೊಹಲ್ಲಾಗಳಲ್ಲಿ ಲಾರಿ, ಟೆಂಪೋ, ಜೀಪು, ಗ್ಯಾರೇಜುಗಳ ಆದಾಯದಿಂದ ಒಲೆ ಉರಿಯುವ ಮನೆಗಳು ಎಷ್ಟಿವೆ ಎಂಬುದು ಓದುಗರಿಗೆ ಗೊತ್ತೇ ಇದೆ. ಭೂಸಾರಿಗೆ ಮತ್ತು ವಾಹನ ದುರಸ್ತಿಯಂತಹ ಕಸುಬುಗಳಲ್ಲಿ ಮುಸ್ಲಿಮರ ಪಾಲು ಗಣನೀಯವಾಗಿರುವುದನ್ನು 2006ರಲ್ಲಿ ಸಾಚಾರ್ ಸಮಿತಿಯೂ ಗುರುತಿಸಿತ್ತು. ಶಾಲೆ ಬಿಟ್ಟ ಹುಡುಗ ಕ್ಲೀನರ್ ಆಗುತ್ತಾನೆ, ಕ್ಲೀನರ್ ಚಾಲಕನಾಗುತ್ತಾನೆ, ಚಾಲಕನು ಕಣ್ಣು ಮಂಜಾಗುವವರೆಗೂ ಚಾಲಕನಾಗಿಯೇ ಉಳಿಯುತ್ತಾನೆ. ಅವನಿಗೆ ಬೇರೆ ದಾರಿಯಿಲ್ಲ. ಇನ್ನೊಂದೆಡೆ ಮಧುಮೇಹವು ಶ್ರೀಮಂತರ ಕಾಯಿಲೆಯೆಂಬ ಹಳೆಯ ನಂಬಿಕೆ ಸುಳ್ಳಾಗಿ ಬಹಳ ಕಾಲವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ಇನ್ನೂ 13.6 ಕೋಟಿ ಜನರು ಅದರ ಹೊಸ್ತಿಲಲ್ಲಿದ್ದಾರೆ. ದಿನವಿಡೀ ಕುಳಿತೇ ದುಡಿಯುವ, ಹೊತ್ತಲ್ಲದ ಹೊತ್ತಿನಲ್ಲಿ ಢಾಬಾದಲ್ಲಿ ಉಣ್ಣುವ, ನಿದ್ರೆಗೆಟ್ಟು ಚಹಾ ಬೀಡಿಗಳ ಮೇಲೆ ರಾತ್ರಿ ಕಳೆಯುವ ಲಾರಿ ಚಾಲಕನು ಈ ಕಾಯಿಲೆಗೆ ಎಷ್ಟು ಹತ್ತಿರದಲ್ಲಿದ್ದಾನೆಂದು ಹೇಳಲು ಪಂಡಿತನಾಗಬೇಕಿಲ್ಲ.

ಹಾಗಾದರೆ ಸಕ್ಕರೆ ಕಾಯಿಲೆ ಇರುವವನು ಲಾರಿ ಓಡಿಸಬಾರದೆಂದು ನಮ್ಮ ಕಾನೂನು ಹೇಳುತ್ತದೆಯೇ? ಅನೇಕ ಚಾಲಕರು ಹಾಗೆಂದೇ ನಂಬಿದ್ದಾರೆ. ಆ ಭಯವೇ ಅವರನ್ನು ಸುಳ್ಳಿಗೆ ದೂಡಿದೆ. ಆದರೆ ವಾಸ್ತವ ಬೇರೆ. 1988ರ ಮೋಟಾರು ವಾಹನ ಕಾಯಿದೆಯ 8ನೇ ಕಲಮಿನಂತೆ ಸಾರಿಗೆ ವಾಹನದ ಲೈಸೆನ್ಸಿಗೆ ವೈದ್ಯಕೀಯ ಪ್ರಮಾಣಪತ್ರ ಬೇಕು. ಸಾರ್ವಜನಿಕರಿಗೆ ಅಪಾಯ ತರಬಹುದಾದ ಕಾಯಿಲೆ ಅಥವಾ ಅಂಗವೈಕಲ್ಯ ಅರ್ಜಿದಾರನಿಗೆ ಇದ್ದರೆ ಲೈಸೆನ್ಸ್ ನಿರಾಕರಿಸಬೇಕೆಂದೂ ಅದೇ ಕಲಮು ಹೇಳುತ್ತದೆ. 16ನೇ ಕಲಮಿನಂತೆ ಅಂತಹ ಕಾಯಿಲೆಯ ಕಾರಣಕ್ಕೆ ಕೊಟ್ಟ ಲೈಸೆನ್ಸನ್ನು ಹಿಂಪಡೆಯಲೂಬಹುದು. ಆದರೆ ಮಧುಮೇಹದ ಹೆಸರು ಇಲ್ಲಿ ಎಲ್ಲಿಯೂ ಇಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ನಮೂನೆ 1ರಲ್ಲಿ ಚಾಲಕನು ತಾನೇ ಉತ್ತರಿಸಬೇಕಾದ ಪ್ರಶ್ನೆಗಳಿವೆ. ಮೂರ್ಛೆ ರೋಗವಿದೆಯೇ, ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪುವುದು ಅಥವಾ ತಲೆ ಸುತ್ತುವುದು ಉಂಟೇ, ಇರುಳುಗಣ್ಣು ಇದೆಯೇ, ಅಪಾಯ ತರಬಹುದಾದ ಬೇರಾವ ಕಾಯಿಲೆಯಾದರೂ ಇದೆಯೇ ಎಂದು ಅದು ಕೇಳುತ್ತದೆ. ವೈದ್ಯರು ತುಂಬುವ ನಮೂನೆ 1-ಎ ಕಣ್ಣಿನ ದೃಷ್ಟಿ, ಬಣ್ಣಗಳ ಗುರುತು, ಕಿವಿ, ಕೈಕಾಲುಗಳ ಬಗ್ಗೆ ವಿಚಾರಿಸುತ್ತದೆ. ರಕ್ತದಲ್ಲಿನ ಸಕ್ಕರೆಗೆ ಅದರಲ್ಲಿ ಒಂದು ಸಾಲೂ ಇಲ್ಲ.

ಅಂದರೆ ನಮ್ಮ ಕಾನೂನು ಮಧುಮೇಹಿಯನ್ನು ತಡೆಯುವುದೂ ಇಲ್ಲ, ಅವನು ಯಾವ ಷರತ್ತಿನ ಮೇಲೆ ಓಡಿಸಬಹುದೆಂದು ತಿಳಿಸುವುದೂ ಇಲ್ಲ. "ಅಪಾಯ ತರಬಹುದಾದ ಬೇರಾವ ಕಾಯಿಲೆಯಾದರೂ" ಎಂಬ ಮಬ್ಬು ಪದಗಳೊಳಗೆ ಎಲ್ಲವನ್ನೂ ಬಿಟ್ಟುಬಿಟ್ಟಿದೆ. ಈ ಮಬ್ಬಿನಲ್ಲಿ ಪ್ರಾಮಾಣಿಕನಿಗೆ ಭಯ, ಸುಳ್ಳುಗಾರನಿಗೆ ಅನುಕೂಲ. ಕಾಯಿಲೆಯನ್ನು ಹತೋಟಿಯಲ್ಲಿಟ್ಟುಕೊಂಡು ನಿಜ ಬರೆದವನು ಅಧಿಕಾರಿಯ ಮರ್ಜಿಗೆ ಬೀಳುತ್ತಾನೆ. ಮೂರು ತಿಂಗಳಿಗೊಮ್ಮೆ ಪ್ರಜ್ಞೆ ತಪ್ಪುವವನು ಸುಳ್ಳು ಬರೆದು ಹೆದ್ದಾರಿಗೆ ಇಳಿಯುತ್ತಾನೆ. ಇದಕ್ಕಿಂತ ಕೆಟ್ಟ ವ್ಯವಸ್ಥೆಯನ್ನು ಯೋಚಿಸಿ ಮಾಡಿದರೂ ಮಾಡಲಾಗದು.

ಇದರ ಮೇಲೆ ಇನ್ನೊಂದು ಸಂಗತಿಯಿದೆ. ಮೊದಲು ಸಾರಿಗೆ ವಾಹನದ ಲೈಸೆನ್ಸಿಗೆ ಮೂರು ವರ್ಷಗಳ ಅವಧಿಯಿತ್ತು. 2019ರ ತಿದ್ದುಪಡಿಯು ಅದನ್ನು ಐದು ವರ್ಷಗಳಿಗೆ ಏರಿಸಿತು. ಪೆಟ್ರೋಲ್, ಅನಿಲದಂತಹ ಅಪಾಯಕಾರಿ ಸರಕು ಸಾಗಿಸುವವರಿಗೆ ಒಂದು ವರ್ಷವಿದ್ದದ್ದು ಮೂರು ವರ್ಷವಾಯಿತು. ಕಚೇರಿಗಳ ಅಲೆದಾಟ, ದಲ್ಲಾಳಿಗಳ ಕಾಟ ಕಡಿಮೆಯಾಯಿತೆಂದು ಚಾಲಕರು ಇದನ್ನು ಸ್ವಾಗತಿಸಿದರು, ಅದರಲ್ಲಿ ತಪ್ಪಿಲ್ಲ. ಆದರೆ ಐದು ವರ್ಷಗಳಲ್ಲಿ ಮನುಷ್ಯನ ಶರೀರದಲ್ಲಿ ಏನೆಲ್ಲ ಆಗಬಹುದು! ನಲವತ್ತರಲ್ಲಿ ಆರೋಗ್ಯವಂತನಾಗಿ ಸಹಿ ಪಡೆದವನು ನಲವತ್ತೆರಡರಲ್ಲಿ ಮಧುಮೇಹಿಯಾಗಿ, ನಲವತ್ತನಾಲ್ಕರಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುತ್ತಿರಬಹುದು. ಅವನ ಕಿಸೆಯಲ್ಲಿರುವ ಪ್ರಮಾಣಪತ್ರ ಮಾತ್ರ ನಲವತ್ತನೇ ವಯಸ್ಸಿನದೇ.

ಇಲ್ಲಿ ನಾವು ಒಂದು ವಿಷಯವನ್ನು ಸರಿಯಾಗಿ ಅರಿತುಕೊಳ್ಳಬೇಕು. ಮಧುಮೇಹಿಗಳೆಲ್ಲರೂ ರಸ್ತೆಗೆ ಅಪಾಯಕಾರಿಗಳಲ್ಲ. ಪಥ್ಯದಿಂದ, ಅಥವಾ ಮೆಟ್‌ಫಾರ್ಮಿನ್ ಮಾತ್ರೆಯೊಂದರಿಂದಲೇ ಕಾಯಿಲೆಯನ್ನು ಹತೋಟಿಯಲ್ಲಿಟ್ಟುಕೊಂಡವರಿಗೆ ಸಕ್ಕರೆ ದಿಢೀರನೆ ಕುಸಿಯುವುದು ಅಪರೂಪ. ಅಪಾಯ ಹೆಚ್ಚಿರುವುದು ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಮತ್ತು ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್‌ನಂತಹ ಮಾತ್ರೆಗಳನ್ನು ನುಂಗುವವರಿಗೆ. ಈ ಔಷಧಗಳು ಊಟವಾಗಿದೆಯೋ ಇಲ್ಲವೋ ಎಂದು ನೋಡುವುದಿಲ್ಲ, ತಮ್ಮ ಕೆಲಸ ಮಾಡಿಯೇ ತೀರುತ್ತವೆ. ಊಟ ತಪ್ಪಿದರೆ ರಕ್ತದ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿಳಿಯುತ್ತದೆ. ಮೊದಲು ಬೆವರು, ನಡುಕ, ವಿಪರೀತ ಹಸಿವು, ಎದೆಬಡಿತ ಕಾಣಿಸಿಕೊಳ್ಳುತ್ತವೆ. ಆಮೇಲೆ ದೃಷ್ಟಿ ಮಂಜಾಗುತ್ತದೆ, ಬುದ್ಧಿ ತೊಡರುತ್ತದೆ, ಕೊನೆಗೆ ಪ್ರಜ್ಞೆ ತಪ್ಪುತ್ತದೆ. ಪದೇ ಪದೇ ಹೀಗಾಗುತ್ತಿದ್ದರೆ ಶರೀರವು ಬೆವರು ನಡುಕಗಳ ಮುನ್ಸೂಚನೆ ಕೊಡುವುದನ್ನೇ ನಿಲ್ಲಿಸಿಬಿಡುತ್ತದೆ. ಅಂತಹವನು ನೇರವಾಗಿ ಗೊಂದಲಕ್ಕೆ ಜಾರುತ್ತಾನೆ. ಅವನ ಕೈಯಲ್ಲಿ ಹತ್ತಾರು ಟನ್ ಭಾರದ ಲಾರಿಯಿದ್ದರೆ ಮುಂದಿನದನ್ನು ಹೇಳಬೇಕಾಗಿಲ್ಲ.

ವರ್ಷಗಟ್ಟಲೆ ಸಕ್ಕರೆ ಏರಿಯೇ ಇದ್ದರೂ ಬೇರೊಂದು ಬಗೆಯ ಹಾನಿಯಿದೆ. ಕಣ್ಣಿನ ಒಳಪರದೆಯ ರಕ್ತನಾಳಗಳು ಕೆಟ್ಟು ದೃಷ್ಟಿ ಕುಂದುತ್ತದೆ. ಪಾದಗಳ ನರಗಳು ಮರಗಟ್ಟಿ, ಕಾಲು ಬ್ರೇಕಿನ ಮೇಲಿದೆಯೋ ಎಕ್ಸಲರೇಟರಿನ ಮೇಲಿದೆಯೋ ಎಂಬ ಅರಿವು ಮಸುಕಾಗುತ್ತದೆ. ಈ ಹಾನಿಗಳು ಒಂದೇ ದಿನದಲ್ಲಿ ಬರುವುದಿಲ್ಲ. ವರ್ಷಕ್ಕೊಮ್ಮೆ ಕಣ್ಣು ಮತ್ತು ಪಾದಗಳನ್ನು ತಪಾಸಣೆ ಮಾಡಿಸಿದರೆ ಬಹುಪಾಲು ಮೊದಲೇ ತಿಳಿಯುತ್ತದೆ. ಆದರೆ ಕಾಯಿಲೆಯನ್ನೇ ಮುಚ್ಚಿಟ್ಟವನು ತಪಾಸಣೆಗೆ ಹೋಗುವುದಾದರೂ ಹೇಗೆ? ಮುಚ್ಚಿಡುವುದರ ನಿಜವಾದ ಬೆಲೆ ಇಲ್ಲಿದೆ. ಲೈಸೆನ್ಸ್ ಉಳಿಸಿಕೊಳ್ಳಲು ಆಡಿದ ಸುಳ್ಳು ಕೊನೆಗೆ ಕಣ್ಣನ್ನೂ ಕಾಲನ್ನೂ ಕಸಿದುಕೊಂಡು ಲೈಸೆನ್ಸನ್ನೂ ಉಳಿಸುವುದಿಲ್ಲ.

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನರು ಸತ್ತರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅತಿವೇಗ, ಮದ್ಯಪಾನ, ಮೊಬೈಲ್ ಬಳಕೆ, ತಪ್ಪು ದಿಕ್ಕಿನ ಚಾಲನೆ ಎಂದು ಅದರಲ್ಲಿ ಕಾರಣಗಳ ಪಟ್ಟಿಯಿದೆ. ಚಾಲಕನ ರಕ್ತದಲ್ಲಿ ಸಕ್ಕರೆ ಕುಸಿದಿತ್ತೆಂಬುದಕ್ಕೆ ಪ್ರತ್ಯೇಕ ಕಲಮಿಲ್ಲ. ಕುಡಿದವನಂತೆ ತೂರಾಡಿದ ಲಾರಿಯ ಚಾಲಕ ಹನಿ ಮದ್ಯವನ್ನೂ ಮುಟ್ಟದವನಾಗಿರಬಹುದು. ಎಣಿಸದ ಸಾವನ್ನು ತಡೆಯುವ ಯೋಜನೆಯನ್ನು ಯಾವ ಸರಕಾರವೂ ಮಾಡುವುದಿಲ್ಲ.

ಬೇರೆ ದೇಶಗಳು ಈ ಸಮಸ್ಯೆಯನ್ನು ಹೇಗೆ ಬಿಡಿಸಿಕೊಂಡವು? ಅಮೆರಿಕದಲ್ಲಿ 1970ರ ದಶಕದ ಆರಂಭದಿಂದ ಇನ್ಸುಲಿನ್ ತೆಗೆದುಕೊಳ್ಳುವವರು ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುವ ಸರಕು ವಾಹನ ಓಡಿಸುವಂತಿರಲಿಲ್ಲ. 2003ರಲ್ಲಿ ಒಬ್ಬೊಬ್ಬರಿಗೂ ಪ್ರತ್ಯೇಕ ವಿನಾಯಿತಿ ಕೊಡುವ ಪದ್ಧತಿ ಬಂದಿತು. 2018ರ ನವೆಂಬರಿನಿಂದ ಆ ನಿಷೇಧವೇ ಹೋಯಿತು. ಈಗ ಚಿಕಿತ್ಸೆ ಕೊಡುವ ವೈದ್ಯರು ಚಾಲಕನ ಮೂರು ತಿಂಗಳ ಸಕ್ಕರೆಯ ದಾಖಲೆ ನೋಡಿ, ಕಾಯಿಲೆ ಹತೋಟಿಯಲ್ಲಿದೆಯೆಂದು ಬರೆದುಕೊಟ್ಟರೆ ಅವನು ಅರ್ಹನಾಗಬಹುದು. ಬ್ರಿಟನ್ನಿನಲ್ಲಿಯೂ 2011ರ ನವೆಂಬರಿನಲ್ಲಿ ಇನ್ಸುಲಿನ್ ಅವಲಂಬಿತರಿಗೆ ಲಾರಿ ಮತ್ತು ಬಸ್ಸಿನ ಬಾಗಿಲು ತೆರೆಯಿತು. ಷರತ್ತುಗಳು ಮಾತ್ರ ಬಿಗಿಯಾಗಿವೆ. ಹಿಂದಿನ ಹನ್ನೆರಡು ತಿಂಗಳಲ್ಲಿ ಇನ್ನೊಬ್ಬರ ನೆರವು ಬೇಕಾಗುವಷ್ಟು ಸಕ್ಕರೆ ಕುಸಿದಿರಬಾರದು. ಕುಸಿತದ ಮುನ್ಸೂಚನೆ ಚಾಲಕನಿಗೆ ತಿಳಿಯುತ್ತಿರಬೇಕು. ಹೊರಡುವ ಮುಂಚಿನ ಎರಡು ಗಂಟೆಯೊಳಗೆ ಮತ್ತು ದಾರಿಯಲ್ಲಿ ಎರಡೆರಡು ಗಂಟೆಗೊಮ್ಮೆ ಸಕ್ಕರೆ ಪರೀಕ್ಷಿಸಿಕೊಳ್ಳಬೇಕು. ವರ್ಷಕ್ಕೊಮ್ಮೆ ತಜ್ಞರ ತಪಾಸಣೆಯಾಗಬೇಕು.

ಈ ಎರಡೂ ದೇಶಗಳು ಕಲಿತ ಪಾಠ ಒಂದೇ: ಕಾಯಿಲೆಯ ಹೆಸರನ್ನು ನೋಡಿ ತೀರ್ಪು ಕೊಡಬಾರದು, ಕಾಯಿಲೆಯುಳ್ಳ ಮನುಷ್ಯನನ್ನು ನೋಡಿ ಕೊಡಬೇಕು. ಸಾರಾಸಗಟು ನಿಷೇಧವಿದ್ದಾಗ ಜನರು ಮುಚ್ಚಿಟ್ಟರು. ನಿಜ ಹೇಳಿದರೂ ಕೆಲಸ ಉಳಿಯುವ ದಾರಿ ಕಂಡಾಗ ಪರೀಕ್ಷೆಗೆ ಬರಲು ಅವರಿಗೆ ಕಾರಣ ಸಿಕ್ಕಿತು.

ನಮ್ಮಲ್ಲಿ ಇಂತಹ ಸ್ಪಷ್ಟ ನಿಯಮ ಬಂದರೆ ಅದು ಬಡ ಚಾಲಕನ ಕುತ್ತಿಗೆಗೆ ಇನ್ನೊಂದು ಉರುಳಾಗುವುದಿಲ್ಲವೇ ಎಂದು ಕೆಲವರು ಕೇಳಬಹುದು. ಈ ಆತಂಕ ನಿರಾಧಾರವಲ್ಲ. ಇನ್ನೊಂದು ಕಾಗದವೆಂದರೆ ಇನ್ನೊಬ್ಬ ದಲ್ಲಾಳಿ, ಇನ್ನೊಂದು ಲಂಚ ಎಂಬುದು ನಮ್ಮ ಜನರ ಅನುಭವ. 2024ರ ಜನವರಿಯ ಆರಂಭದಲ್ಲಿ ದೇಶದ ಲಾರಿ ಚಾಲಕರು ಗಾಡಿ ನಿಲ್ಲಿಸಿ ಬೀದಿಗಿಳಿದದ್ದನ್ನು ನಾವು ಮರೆತಿಲ್ಲ. ಅಪಘಾತ ಮಾಡಿ ತಿಳಿಸದೆ ಹೋದವನಿಗೆ ಹತ್ತು ವರ್ಷಗಳವರೆಗೆ ಸೆರೆವಾಸ ವಿಧಿಸುವ ಹೊಸ ಕಲಮಿನ ವಿರುದ್ಧ ಅವರು ಸಿಡಿದಿದ್ದರು. ಸರಕಾರ ಅದನ್ನು ತಡೆಹಿಡಿಯಿತು, ಅದೇ ವರ್ಷ ಜುಲೈ 1ರಂದು ನ್ಯಾಯ ಸಂಹಿತೆಯ ಉಳಿದ ಭಾಗ ಜಾರಿಯಾದಾಗ ಅದೊಂದನ್ನು ಹೊರಗಿಟ್ಟಿತು. ಶಿಕ್ಷೆಯ ಮಾತು ಬಂದಾಗ ಮಾತ್ರ ಚಾಲಕನನ್ನು ನೆನೆಯುವ ವ್ಯವಸ್ಥೆಯ ಮೇಲೆ ಅವನಿಗೆ ವಿಶ್ವಾಸವಿಲ್ಲ. ಆದ್ದರಿಂದ ನಿಯಮದ ಜೊತೆಗೆ ರಕ್ಷಣೆಯೂ ಬರಬೇಕು. ಬರೀ ನಿಯಮ ಬಂದರೆ ಈ ಆತಂಕವೇ ನಿಜವಾಗುತ್ತದೆ.

ರಕ್ಷಣೆಯ ವಿಷಯದಲ್ಲಿ ಸರಕಾರಿ ಮತ್ತು ಖಾಸಗಿ ಚಾಲಕರ ನಡುವೆ ಆಕಾಶ ಭೂಮಿಯ ಅಂತರವಿದೆ. 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ತೆಲಂಗಾಣದ ಸಾರಿಗೆ ನಿಗಮದ ಚಾಲಕರೊಬ್ಬರ ಪ್ರಕರಣದಲ್ಲಿ ಮಹತ್ವದ ತೀರ್ಪು ನೀಡಿತು. ವರ್ಣಾಂಧತೆಯ ಕಾರಣಕ್ಕೆ ಅವರನ್ನು ಮನೆಗೆ ಕಳುಹಿಸಿದ್ದು ಸರಿಯಲ್ಲ, ಬೇರೆ ಕೆಲಸ ಕೊಡಬೇಕು ಎಂದಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯೂ ಸೇವೆಯಲ್ಲಿದ್ದಾಗ ಅಂಗವೈಕಲ್ಯಕ್ಕೊಳಗಾದ ಸರಕಾರಿ ನೌಕರನನ್ನು ತೆಗೆದುಹಾಕಬಾರದೆನ್ನುತ್ತದೆ. ಆದರೆ ಆ ಕಾಯಿದೆಯ 21 ಬಗೆಯ ಅಂಗವೈಕಲ್ಯಗಳ ಪಟ್ಟಿಯಲ್ಲಿ ಮಧುಮೇಹವಿಲ್ಲ. ಶಹಾಪುರದ ಖಾಸಗಿ ಲಾರಿಯ ಚಾಲಕ ಯಾವ ನಿಗಮದ ನೌಕರನೂ ಅಲ್ಲ. ಅವನಿಗೆ ನೇಮಕಾತಿ ಪತ್ರವೂ ಇರುವುದಿಲ್ಲ. ಮಾಲಕನ ಒಂದು ಮಾತಿನಿಂದ ಅವನ ಕೆಲಸ ಆರಂಭವಾಗುತ್ತದೆ, ಇನ್ನೊಂದು ಮಾತಿನಿಂದ ಮುಗಿಯುತ್ತದೆ.

ಈ ಹಿನ್ನೆಲೆಯಲ್ಲಿ ನಮ್ಮ ಬೇಡಿಕೆಗಳು ಸರಳವಾಗಿವೆ. ಮೊದಲನೆಯದಾಗಿ, ವೈದ್ಯಕೀಯ ನಮೂನೆಯಲ್ಲಿ ಮಧುಮೇಹವನ್ನು ಹೆಸರಿಸಿ, ಯಾವ ಔಷಧ, ಎಷ್ಟು ಹತೋಟಿ, ಸಕ್ಕರೆ ಕುಸಿದ ಇತಿಹಾಸವಿದೆಯೇ ಎಂದು ಕೇಳಬೇಕು. ಕಾಯಿಲೆ ಇದೆಯೆಂಬ ಒಂದೇ ಕಾರಣಕ್ಕೆ ಲೈಸೆನ್ಸ್ ನಿರಾಕರಿಸುವಂತಿಲ್ಲವೆಂದೂ ಅದೇ ನಿಯಮದಲ್ಲಿ ಬರೆಯಬೇಕು. ಎರಡನೆಯದಾಗಿ, ಮಧುಮೇಹಿ ಚಾಲಕರ ವಾರ್ಷಿಕ ತಪಾಸಣೆ ಸರಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ನಡೆಯಬೇಕು. ಮೂವತ್ತು ದಾಟಿದವರ ಸಕ್ಕರೆ ಮತ್ತು ರಕ್ತದೊತ್ತಡ ಪರೀಕ್ಷೆಗೆ ರಾಷ್ಟ್ರೀಯ ಕಾರ್ಯಕ್ರಮ ಈಗಾಗಲೇ ಇದೆ. ಯಾದಗಿರಿಯಲ್ಲಿ ಈಗ ಸರಕಾರಿ ವೈದ್ಯಕೀಯ ಕಾಲೇಜೂ ಇದೆ. ಅದರ ವೈದ್ಯರು ತಿಂಗಳಿಗೊಂದು ದಿನ ಲಾರಿ ನಿಲ್ದಾಣಕ್ಕೆ ಬಂದರೆ ಆಗುವ ಉಪಕಾರ ದೊಡ್ಡದು. ಮೂರನೆಯದಾಗಿ, ಕೆಲಕಾಲ ಚಾಲನೆಗೆ ಅನರ್ಹನೆಂದು ವೈದ್ಯರು ಹೇಳಿದವನಿಗೆ ಆ ಅವಧಿಯಲ್ಲಿ ನೆರವು ಸಿಗಬೇಕು. ಚಾಲಕರು, ಕ್ಲೀನರ್‌ಗಳು, ಮೆಕ್ಯಾನಿಕ್‌ಗಳಿಗಾಗಿ 2024ರಲ್ಲಿ ರಾಜ್ಯವು ಸಾಮಾಜಿಕ ಭದ್ರತೆ ಮತ್ತು ಕಲ್ಯಾಣದ ಪ್ರತ್ಯೇಕ ಕಾಯಿದೆಯನ್ನು ರೂಪಿಸಿದೆ. ಸತ್ತ ಮೇಲೆ ಪರಿಹಾರ ಕೊಡುವುದಷ್ಟೇ ಅಲ್ಲ, ಸಾಯದಂತೆ ನೋಡಿಕೊಳ್ಳುವುದೂ ಅದರ ಕೆಲಸವಾಗಬೇಕು.

ಲಾರಿ ಮಾಲಕರಿಗೂ ನಮ್ಮದೊಂದು ಮಾತಿದೆ. ಅವರಲ್ಲಿ ನಮ್ಮ ಸಮುದಾಯದವರೂ ಇದ್ದಾರೆ. ದಿನಕ್ಕೆ ಎಂಟು ಗಂಟೆಯ ದುಡಿಮೆ, ಐದು ಗಂಟೆಗಳ ಬಳಿಕ ಅರ್ಧ ಗಂಟೆಯ ವಿಶ್ರಾಂತಿ ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯೇ ನಿಗದಿ ಮಾಡಿತ್ತು. ಅದು ಎಷ್ಟು ಲಾರಿಗಳಲ್ಲಿ ಪಾಲನೆಯಾಯಿತು? ನಾಳೆ ಬೆಳಿಗ್ಗೆಯೊಳಗೆ ಲೋಡು ಮುಟ್ಟಬೇಕೆಂದು ಫೋನಿನಲ್ಲಿ ಗದರುವಾಗ ಆ ಮನುಷ್ಯ ಊಟ ಮಾಡಿದ್ದಾನೆಯೇ ಎಂದು ಒಮ್ಮೆಯಾದರೂ ಕೇಳಿದ್ದೇವೆಯೇ? ಗಾಡಿಯ ಎಂಜಿನ್ ಆಯಿಲ್ ತಪ್ಪದೆ ಬದಲಿಸುವ ಮಾಲಕರು ಗಾಡಿ ನಡೆಸುವವನ ಹೊಟ್ಟೆಯ ವಿಷಯದಲ್ಲಿ ಅಷ್ಟೇ ಎಚ್ಚರ ವಹಿಸಿದರೆ ಅವರ ಸರಕೂ ಕ್ಷೇಮ. ಸಕ್ಕರೆ ಕಾಯಿಲೆ ಇದೆಯೆಂದು ಧೈರ್ಯದಿಂದ ಹೇಳಿದ ಚಾಲಕನನ್ನು ಕೆಲಸದಿಂದ ತೆಗೆದರೆ ಉಳಿದ ಹತ್ತು ಮಂದಿ ಬಾಯಿ ಮುಚ್ಚುತ್ತಾರೆ. ಅವನಿಗೆ ರಾತ್ರಿಯ ದೂರದ ಬಾಡಿಗೆ ತಪ್ಪಿಸಿ ಹಗಲಿನ ಹತ್ತಿರದ ಬಾಡಿಗೆ ಕೊಟ್ಟರೆ ಆ ಹತ್ತು ಮಂದಿಯೂ ಬಾಯಿ ಬಿಡುತ್ತಾರೆ.

ಪ್ರಮಾಣಪತ್ರಕ್ಕೆ ಸಹಿ ಹಾಕುವ ವೈದ್ಯರ ಬಗ್ಗೆ ನಾವು ಮೌನವಾಗಿರಲಾರೆವು. ಪ್ರಮಾಣಪತ್ರವೆಂದರೆ ಸಾಕ್ಷ್ಯ. ಕಾಣದ್ದನ್ನು ಕಂಡೆನೆಂದು ಬರೆಯುವುದು ಸುಳ್ಳು ಸಾಕ್ಷ್ಯ. ಅದು ಎಂತಹ ಪಾಪವೆಂದು ಮದ್ರಸದ ಮೊದಲ ದರ್ಜೆಯ ಮಗುವಿಗೂ ಗೊತ್ತು. ಒಂದು ಹನಿ ರಕ್ತದ ಪರೀಕ್ಷೆಗೆ ಎರಡು ನಿಮಿಷ ಸಾಕು. ಆ ಎರಡು ನಿಮಿಷವನ್ನು ಉಳಿಸಿಕೊಂಡವರು ಹೆದ್ದಾರಿಯ ಮೇಲೆ ಬಿದ್ದ ಹೆಣಗಳ ವಿಷಯದಲ್ಲಿ ತಮಗೇನೂ ಸಂಬಂಧವಿಲ್ಲವೆಂದು ಹೇಳಬಹುದೇ? ಚಾಲಕನೂ ಈ ಹೊಣೆಯಿಂದ ಪಾರಾಗುವುದಿಲ್ಲ. ತನ್ನ ಕಾಯಿಲೆಯಿಂದ ಇತರರಿಗೆ ಅಪಾಯವಿದೆಯೆಂದು ತಿಳಿದೂ ವಾಹನ ಓಡಿಸುವುದು ಕಾಯಿದೆಯ 186ನೇ ಕಲಮಿನಂತೆ ಅಪರಾಧ. ಮೊದಲ ಸಲ ಸಾವಿರ ರೂಪಾಯಿಯವರೆಗೆ, ಮತ್ತೆ ಮಾಡಿದರೆ ಎರಡು ಸಾವಿರದವರೆಗೆ ದಂಡ. ದಂಡ ಸಣ್ಣದು. ಆದರೆ ರಸ್ತೆಯಲ್ಲಿ ಎದುರು ಬರುವ ಪ್ರತಿಯೊಬ್ಬನ ಪ್ರಾಣವೂ ಚಾಲಕನ ಕೈಯಲ್ಲಿರುವ ಅಮಾನತು, ಅದರ ಲೆಕ್ಕ ಈ ದಂಡದಿಂದ ತೀರುವುದಿಲ್ಲ. ಒಂದು ವೇಳೆ ಅಧಿಕಾರಿ ಅನ್ಯಾಯವಾಗಿ ಲೈಸೆನ್ಸ್ ನಿರಾಕರಿಸಿದರೆ ಲಿಖಿತ ಕಾರಣ ಕೇಳುವ ಮತ್ತು ಮೂವತ್ತು ದಿನಗಳೊಳಗೆ ಮೇಲ್ಮನವಿ ಸಲ್ಲಿಸುವ ಹಕ್ಕನ್ನು 17ನೇ ಕಲಮು ಕೊಟ್ಟಿದೆ. ಸುಳ್ಳಿನ ದಾರಿ ಹಿಡಿಯುವ ಮೊದಲು ಈ ಹಕ್ಕನ್ನು ನಮ್ಮ ಚಾಲಕರು ತಿಳಿದಿರಬೇಕು.

ರಮಝಾನಿನ ವಿಷಯವನ್ನು ಇಲ್ಲಿ ಪ್ರಸ್ತಾಪಿಸದಿದ್ದರೆ ಮಾತು ಅಪೂರ್ಣವಾಗುತ್ತದೆ. ಉಪವಾಸ ಬಿಡಲು ಮನಸ್ಸೊಪ್ಪದೆ, ಮಾತ್ರೆ ನುಂಗಿ, ಬಿಸಿಲಿನಲ್ಲಿ ಲಾರಿ ಓಡಿಸುವ ಸಹೋದರರನ್ನು ನಾವು ಬಲ್ಲೆವು. ಅವರ ಈಮಾನನ್ನು ನಾವು ಗೌರವಿಸುತ್ತೇವೆ. ಆದರೆ ರೋಗಿಗೂ ಪ್ರಯಾಣಿಕನಿಗೂ ಉಪವಾಸವನ್ನು ಮುಂದಿನ ದಿನಗಳಿಗೆ ಎತ್ತಿಡುವ ಅನುಮತಿಯನ್ನು ಪವಿತ್ರ ಕುರ್‌ಆನ್ ಸೂರಃ ಅಲ್ ಬಕರದ 185ನೇ ಸೂಕ್ತದಲ್ಲಿ ಕೊಟ್ಟಿದೆ. ಮಧುಮೇಹಿ ಲಾರಿ ಚಾಲಕ ರೋಗಿಯೂ ಹೌದು, ಪ್ರಯಾಣಿಕನೂ ಹೌದು. ಅಲ್ಲಾಹನು ಕೊಟ್ಟ ರಿಯಾಯಿತಿಯನ್ನು ತಿರಸ್ಕರಿಸುವುದು ತಖ್ವಾ ಅಲ್ಲ. 13 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸಾಮಾನ್ಯವಾಗಿ ನಡುವಯಸ್ಸಿನಲ್ಲಿ ಬರುವ ಎರಡನೇ ಬಗೆಯ ಮಧುಮೇಹ ಉಳ್ಳವರಲ್ಲಿ ಸಕ್ಕರೆಯ ತೀವ್ರ ಕುಸಿತವು ರಮಝಾನಿನಲ್ಲಿ ಏಳೂವರೆ ಪಟ್ಟು ಹೆಚ್ಚುತ್ತದೆಂದು ತೋರಿಸಿತ್ತು. ಉಪವಾಸ ಮಾಡಲೇಬೇಕೆನ್ನುವವರು ಒಂದೆರಡು ತಿಂಗಳ ಮೊದಲೇ ವೈದ್ಯರ ಬಳಿ ಹೋಗಿ ಔಷಧದ ಪ್ರಮಾಣ ಮತ್ತು ಹೊತ್ತನ್ನು ಬದಲಾಯಿಸಿಕೊಳ್ಳಲಿ, ಆ ತಿಂಗಳು ದೂರದ ಬಾಡಿಗೆ ಬಿಡಲಿ. ಬೆರಳು ಚುಚ್ಚಿ ರಕ್ತ ಪರೀಕ್ಷಿಸಿದರೆ ಉಪವಾಸ ಮುರಿಯುತ್ತದೆಂಬ ತಪ್ಪು ತಿಳಿವಳಿಕೆ ಇನ್ನೂ ಕೆಲವರಲ್ಲಿದೆ. ಪರೀಕ್ಷೆಗಾಗಿ ರಕ್ತ ತೆಗೆಯುವುದರಿಂದ ಉಪವಾಸ ಮುರಿಯುವುದಿಲ್ಲವೆಂದು 1997ರಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ ಸ್ಪಷ್ಟಪಡಿಸಿದೆ. ನಮ್ಮ ಖತೀಬರು ಶಾಬಾನಿನ ಒಂದು ಜುಮಾ ಖುತ್ಬಾವನ್ನು ಈ ವಿಷಯಕ್ಕೆ ಮೀಸಲಿಟ್ಟರೆ ಎಷ್ಟು ಜೀವಗಳು ಉಳಿದಾವು!

ಮನೆಯವರು ಮಾಡಬಹುದಾದ ಕೆಲಸವೂ ಬಹಳವಿದೆ. ಚಾಲಕನ ಚೀಲದಲ್ಲಿ ಗ್ಲೂಕೋಸ್ ಪುಡಿ, ಖರ್ಜೂರ, ಬಿಸ್ಕೀಟುಗಳು ಸದಾ ಇರಲಿ. ಸಕ್ಕರೆ ಇಳಿದಂತೆ ಅನ್ನಿಸಿದರೆ ಗಾಡಿಯನ್ನು ಬದಿಗೆ ನಿಲ್ಲಿಸಿ, ಕೀಲಿ ತೆಗೆದು, ಮೂರು ಚಮಚದಷ್ಟು ಗ್ಲೂಕೋಸ್ ಅಥವಾ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಸಕ್ಕರೆ ಸರಿಯಾದ ಮೇಲೂ ಮುಕ್ಕಾಲು ಗಂಟೆ ಕಾದು ಹೊರಡಬೇಕೆಂಬುದು ಬ್ರಿಟನ್ನಿನ ನಿಯಮ, ಅದನ್ನು ನಾವೂ ಪಾಲಿಸಬಹುದು. ಕ್ಲೀನರ್ ಹುಡುಗನಿಗೆ ಈ ಲಕ್ಷಣಗಳನ್ನು ಕಲಿಸಿರಬೇಕು. ಪೂರ್ತಿ ಎಚ್ಚರ ತಪ್ಪಿದವನ ಬಾಯಿಗೆ ಮಾತ್ರ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು. ಇನ್ಸುಲಿನ್ ಬಾಟಲಿಯನ್ನು ನಮ್ಮ ಸೀಮೆಯ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಎಂಜಿನ್ನಿನ ಪಕ್ಕ ಇಟ್ಟರೆ ಅದು ಕೆಟ್ಟು ನೀರಾಗುತ್ತದೆ. ಒದ್ದೆ ಬಟ್ಟೆ ಸುತ್ತಿದ ಚಿಕ್ಕ ಮಣ್ಣಿನ ಮಡಕೆಯಲ್ಲಿ, ನೀರು ತಾಗದಂತೆ ಇಟ್ಟರೆ ತಕ್ಕಮಟ್ಟಿಗೆ ತಂಪಾಗಿರುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಈ ಕಾಯಿಲೆಯ ಸುತ್ತ ನಾವು ಕಟ್ಟಿರುವ ನಾಚಿಕೆಯ ಗೋಡೆ ಬೀಳಬೇಕು. ಗಂಡಿಗೆ ಶುಗರ್ ಇದೆಯೆಂದರೆ ಮಗಳ ಸಂಬಂಧ ತಪ್ಪೀತು, ಮಾಲಕ ಬಿಟ್ಟಾನು, ಜನ ಆಡಿಕೊಂಡಾರು ಎಂಬ ಅಂಜಿಕೆಯಲ್ಲಿ ಹೆಂಡತಿಯೂ ಬಾಯಿ ಮುಚ್ಚುತ್ತಾಳೆ. ನಮ್ಮ ಜಮಾಅತ್‌ಗಳು ನಿಕಾಹ್, ಕಬರಸ್ತಾನಗಳ ಲೆಕ್ಕವನ್ನು ಚೆನ್ನಾಗಿಯೇ ಇಡುತ್ತವೆ. ಬದುಕಿರುವ ಚಾಲಕರ ಆರೋಗ್ಯದ ಲೆಕ್ಕವನ್ನೂ ಇಡಲಿ. ತಿಂಗಳಿಗೊಂದು ಶುಕ್ರವಾರ ನಮಾಝಿನ ಬಳಿಕ ಮಸ್ಜಿದಿನ ಅಂಗಳದಲ್ಲಿ ಸಕ್ಕರೆ ಪರೀಕ್ಷೆ ನಡೆಯಲಿ. ಎಲ್ಲ ಧರ್ಮದ ಚಾಲಕರಿಗೂ ಅದು ತೆರೆದಿರಲಿ, ಏಕೆಂದರೆ ಹೆದ್ದಾರಿಯಲ್ಲಿ ಎದುರು ಬರುವ ಲಾರಿ ಯಾರ ಧರ್ಮವನ್ನೂ ಕೇಳುವುದಿಲ್ಲ. ಬೈತುಲ್‌ಮಾಲಿನಿಂದ ಬಡ ಚಾಲಕರಿಗೆ ಒಂದೊಂದು ಸಕ್ಕರೆ ಅಳೆಯುವ ಯಂತ್ರವನ್ನು ಕೊಡಿಸುವುದು ಅಸಾಧ್ಯದ ಮಾತಲ್ಲ.

ಚಹಾದಂಗಡಿಯ ಆ ಚಾಲಕರನ್ನು ನಾವು ಕಳೆದ ವಾರ ಮತ್ತೆ ಕಂಡೆವು. ಸರಕಾರಿ ಆಸ್ಪತ್ರೆಗೆ ಹೋಗಿ ಮಾತ್ರೆ ಬದಲಾಯಿಸಿಕೊಂಡಿದ್ದರು. ಕ್ಲೀನರ್ ಹುಡುಗನಿಗೆ ಎಲ್ಲವನ್ನೂ ತಿಳಿಸಿದ್ದರು. ಮಾಲಕರಿಗೆ ಹೇಳಿದಿರಾ ಎಂದು ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ನಾ ಇಲ್ರಿ ಸಾಹೇಬ್ರ. ಹೇಳ್ಬೇಕಂತೀನಿ, ಧೈರ್ಯ ಸಾಲವಲ್ದು" ಎಂದರು. ಆ ಧೈರ್ಯವನ್ನು ಅವರೊಬ್ಬರೇ ತಂದುಕೊಳ್ಳಲೆಂದು ಬಿಟ್ಟು ನಾವು ಸುಮ್ಮನಿರುವುದು ನ್ಯಾಯವಲ್ಲ. ನಿಜ ಹೇಳಿದವನ ಅನ್ನ ಹೋಗದಂತೆ ನೋಡಿಕೊಳ್ಳುವ ಹೊಣೆ ಕಾನೂನು ಮಾಡುವವರದು, ಮಾಲಕರದು ಮತ್ತು ಸಮುದಾಯದ ನಮ್ಮೆಲ್ಲರದು. ಆ ಹೊಣೆಯನ್ನು ನಾವು ಹೊತ್ತ ದಿನ ಚಾಲಕನು ತಾನಾಗಿಯೇ ನಿಜ ಹೇಳುತ್ತಾನೆ.